ಸಾಹಸ ಎಂಬ ಪದದ ಪೂರ್ವಚರಿತ್ರೆ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಈಗ ಅವರು ಹೆಸರು ಮಾಡಿದ ನ್ಯಾಯವಾದಿಗಳು. ಆದರೆ ನನ್ನ ಕಿವಿಗೆ ಅದು ಇನ್ನೂ ಎರಡನೆಯ ಸಾಲಿನ ಬೆಂಚಿನಿಂದ ಬರುತ್ತಿದ್ದ ದನಿಯೇ. ಮನುಸ್ಮೃತಿಯ ಕನ್ನಡ ಅನುವಾದವೊಂದನ್ನು ತಿರುವಿ ಹಾಕುತ್ತಿದ್ದಾಗ ‘ಪ್ರಥಮ ಸಾಹಸ’, ‘ಮಧ್ಯಮ ಸಾಹಸ’, ‘ಉತ್ತಮ ಸಾಹಸ’ ಎಂಬ ದಂಡಗಳ ಪ್ರಸ್ತಾಪ ಅವರಿಗೆ ಎದುರಾಯಿತಂತೆ. “ಸಾಹಸ ಮಾಡಿದವನಿಗೆ ಹಾರ ಹಾಕುತ್ತಾರೆ, ಬಹುಮಾನ ಕೊಡುತ್ತಾರೆ. ಇಲ್ಲಿ ದಂಡ ಹಾಕುತ್ತಿದ್ದಾರಲ್ಲ ಸರ್, ಅದರಲ್ಲೂ ಉತ್ತಮ ಸಾಹಸಕ್ಕೆ ಎಲ್ಲಕ್ಕಿಂತ ಹೆಚ್ಚು! ಇದೇನು ಮುದ್ರಣದೋಷವೇ?” ಎಂದು ಕೇಳಿದರು. ಮುದ್ರಣದೋಷವಲ್ಲ. ಉತ್ತರ ದೂರವಾಣಿಯಲ್ಲಿ ಹೇಳಿ ಮುಗಿಸುವಂಥದೂ ಅಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಂದು ‘ಸಾಹಸ’ ಎಂದರೆ ನಮಗೆ ಒಳ್ಳೆಯ ಮಾತು. ಯಾರೂ ಮುಂದಾಗದ ಕಾರ್ಯಕ್ಕೆ ತಾನಾಗಿ ಮುಂದಾಗುವುದು, ಅಪಾಯವಿದೆಯೆಂದು ತಿಳಿದೂ ಹೆಜ್ಜೆಯಿಡುವುದು ಸಾಹಸ. ಪರ್ವತಾರೋಹಿಗಳಿಗೂ ಸಮುದ್ರಯಾನಿಗಳಿಗೂ ಭಾರತ ಸರ್ಕಾರ ಕೊಡುವ ತೇನ್‌ಸಿಂಗ್ ನಾರ್ಗೆ ಪ್ರಶಸ್ತಿಯನ್ನು ನಾವು ರಾಷ್ಟ್ರೀಯ ಸಾಹಸ ಪ್ರಶಸ್ತಿ ಎನ್ನುತ್ತೇವೆ. 1982ರಲ್ಲಿ ‘ಸಾಹಸಸಿಂಹ’ ಚಲನಚಿತ್ರ ತೆರೆಕಂಡ ಮೇಲೆ ನಟ ವಿಷ್ಣುವರ್ಧನರಿಗೆ ಆ ಹೆಸರೇ ಬಿರುದಾಗಿ ನಿಂತಿತು. ಕೆಟ್ಟ ಅರ್ಥ ಬೇಕಾದಾಗ ಮಾತ್ರ ಹಿಂದೊಂದು ‘ದುಃ’ ಸೇರಿಸಿ ‘ದುಸ್ಸಾಹಸ’ ಎನ್ನುತ್ತೇವೆ. ಹಿಂದಿನ ಕಾಲದ ಧರ್ಮಶಾಸ್ತ್ರಕಾರರಿಗೆ ಈ ‘ದುಃ’ ಬೇಕಾಗಿಯೇ ಇರಲಿಲ್ಲ. ಅವರ ಪಾಲಿಗೆ ಸಾಹಸವೆಂಬುದೇ ಅಪರಾಧ.

ಮೊದಲು ಧಾತುವನ್ನು ನೋಡೋಣ. ವ್ಯಾಕರಣದ ಪಾಠವೆಂದು ಓಡಿಹೋಗಬೇಡಿ, ಇದರಲ್ಲಿ ಸ್ವಾರಸ್ಯವಿದೆ. ಸಂಸ್ಕೃತದ ‘ಸಹ್’ ಎಂಬ ಧಾತುವಿಗೆ ಎರಡು ಅರ್ಥ: ಎದುರಾದುದನ್ನು ಗೆಲ್ಲುವುದು ಒಂದು, ಮೇಲೆ ಬಿದ್ದುದನ್ನು ತಾಳಿಕೊಳ್ಳುವುದು ಇನ್ನೊಂದು. ಇದರಿಂದ ‘ಸಹಸ್’ ಎಂದರೆ ಬಲ. ಋಗ್ವೇದವು ಅಗ್ನಿಯನ್ನು ಮತ್ತೆ ಮತ್ತೆ ಸಹಸ್ಸಿನ ಮಗನೆಂದು ಕರೆಯುತ್ತದೆ. ಅರಣಿಯ ಎರಡು ಕಟ್ಟಿಗೆಗಳನ್ನು ಬಲ ಹಾಕಿ ಮಥಿಸಿದಾಗ ಹುಟ್ಟುವವನಲ್ಲವೇ ಅವನು! ಸಹಸ್ಸಿನಿಂದ ಬಂದದ್ದು ಸಾಹಸ. ಇದೇ ಧಾತುವಿನ ಬೇರೆ ಮಕ್ಕಳು ಯಾರು ಗೊತ್ತೇ? ಸಹನೆ, ಸಹಿಷ್ಣುತೆ, ದುಸ್ಸಹ, ಉತ್ಸಾಹ. ನಾವು ಮೂಗು ಮುಚ್ಚಿಕೊಂಡು ಹೇಳುವ ‘ಅಸಹ್ಯ’ ಕೂಡ ಇದೇ ಮನೆಯದು. ಮೂಲದಲ್ಲಿ ಅದರ ಅರ್ಥ ತಾಳಲಾಗದ್ದು ಎಂದಷ್ಟೆ. ಹೀಗೆ ಸಾಹಸವೂ ಸಹನೆಯೂ ಒಡಹುಟ್ಟಿದವು. ತರಗತಿಯಲ್ಲಿ ಇವೆರಡನ್ನು ಪರಸ್ಪರ ವಿರುದ್ಧಾರ್ಥಕ ಪದಗಳೆಂದು ಬರೆದು ತರುತ್ತಿದ್ದ ಹುಡುಗರು ಪ್ರತಿವರ್ಷವೂ ಇರುತ್ತಿದ್ದರು. ಅರ್ಧ ಅಂಕವನ್ನಾದರೂ ಕೊಡಬೇಕೆನಿಸುತ್ತಿತ್ತು, ಏಕೆಂದರೆ ಅಣ್ಣತಮ್ಮಂದಿರಲ್ಲಿ ವಿರೋಧವಿರುವುದು ಹೊಸದೇನಲ್ಲ. (ಸಹಪಾಠಿ, ಸಹಕಾರ ಎಂಬಲ್ಲಿರುವ ‘ಸಹ’ ಬೇರೆ, ‘ಸಹಸ್ರ’ವೂ ಬೇರೆ. ಸಹಸ್ರ ನಮ್ಮಲ್ಲಿ ಸಾಸಿರವಾಗಿ, ಸಾವಿರವಾಗಿದೆ. ಇವನ್ನು ಕಲಸಬಾರದು.)

‘ಸಹಸ್’ ಪದಕ್ಕೆ ತೃತೀಯಾ ವಿಭಕ್ತಿ ಹಚ್ಚಿದರೆ ‘ಸಹಸಾ’, ಅಂದರೆ ಬಲದಿಂದ. ಬಲದಿಂದ ಮಾಡುವುದು ಹಿಂದುಮುಂದು ನೋಡದೆ ಮಾಡುವುದೂ ಆಗಿರುತ್ತದೆಯಾಗಿ, ಆ ಪದಕ್ಕೆ ‘ಥಟ್ಟನೆ, ವಿಚಾರಿಸದೆ’ ಎಂಬ ಅರ್ಥ ಕೂಡಿಕೊಂಡಿತು. ಸಾಹಸಕ್ಕೆ ಅಪಕೀರ್ತಿ ಬಂದದ್ದು ಈ ಬಾಗಿಲಿನಿಂದ.

ಇನ್ನು ನ್ಯಾಯವಾದಿಗಳ ಪ್ರಶ್ನೆಗೆ ಬರೋಣ. ಮನುಸ್ಮೃತಿ ನ್ಯಾಯಾಲಯಕ್ಕೆ ಬರಬಹುದಾದ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸುತ್ತದೆ. ಸಾಲ, ಒತ್ತೆ, ಗಡಿತಂಟೆ, ಕಳವು, ಜೂಜು ಮುಂತಾದವುಗಳ ನಡುವೆ ಸಾಹಸವೂ ಒಂದು. ಕಳವಿಗೂ ಸಾಹಸಕ್ಕೂ ಏನು ವ್ಯತ್ಯಾಸ? ಮನು ಮತ್ತು ಕೌಟಿಲ್ಯ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ. ಒಡೆಯನ ಕಣ್ಣೆದುರಿಗೆ ಬಲಾತ್ಕಾರವಾಗಿ ಮಾಡಿದರೆ ಸಾಹಸ. ಅವನಿಲ್ಲದಾಗ ಮಾಡಿದರೆ ಕಳವು. ಅಂದರೆ ಕಳ್ಳನಿಗೆ ಅಂಜಿಕೆಯಿದೆ, ಸಾಹಸಿಗೆ ಅದಿಲ್ಲ. ಇಂಥದೇ ಗೆರೆಯನ್ನು 1860ರ ಭಾರತೀಯ ದಂಡಸಂಹಿತೆಯೂ, ಅದರ ಸ್ಥಾನದಲ್ಲಿ 2024ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಕಳವು ಮತ್ತು ಸುಲಿಗೆಗಳ ನಡುವೆ ಎಳೆದಿವೆ. ಅಲ್ಲಿ ನೋಡುವುದು ಬಲಪ್ರಯೋಗ ಮತ್ತು ಭಯವನ್ನು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಸಾಹಸಕ್ಕೆಂದೇ ಒಂದು ಅಧ್ಯಾಯವಿದೆ. ರತ್ನವನ್ನೋ ಇತರ ಸರಕನ್ನೋ ಬಲಾತ್ಕಾರದಿಂದ ಕಸಿದವನಿಗೆ ಅದರ ಬೆಲೆಯಷ್ಟೇ ದಂಡವೆಂದು ಮಾನವ ಪಂಥದವರು, ಎರಡರಷ್ಟೆಂದು ಔಶನಸರು ಹೇಳುತ್ತಾರೆಂದು ತಿಳಿಸಿ, ಅಪರಾಧಕ್ಕೆ ತಕ್ಕಷ್ಟು ಎಂದು ಕೌಟಿಲ್ಯ ತನ್ನ ಮತವನ್ನು ಸೇರಿಸುತ್ತಾನೆ. ನನಗೆ ಈ ಮೂರನೆಯದೇ ಒಪ್ಪಿತ.

ನಾರದಸ್ಮೃತಿ ಪದದ ವ್ಯುತ್ಪತ್ತಿಯನ್ನೇ ಹೇಳಿಬಿಡುತ್ತದೆ: ಬಲದಿಂದ ಕೊಬ್ಬಿದವರು ಬಲಾತ್ಕಾರದಿಂದ ಮಾಡುವ ಯಾವುದೇ ಕೃತ್ಯ ಸಾಹಸ, ಏಕೆಂದರೆ ಸಹಸ್ ಎಂದರೆ ಬಲ. ಬಳಿಕ ಅದನ್ನು ಮೂರು ದರ್ಜೆ ಮಾಡುತ್ತದೆ. ಹಣ್ಣು, ಗೆಡ್ಡೆ, ನೀರು, ಬೇಸಾಯದ ಸಲಕರಣೆ ಇವನ್ನು ಹಾಳುಗೆಡಹುವುದು ಮೊದಲ ದರ್ಜೆ. ಬಟ್ಟೆ, ದನಕರು, ಅನ್ನಪಾನ, ಮನೆಯ ಪಾತ್ರೆಪದಾರ್ಥಗಳ ಮೇಲೆ ಕೈ ಮಾಡುವುದು ನಡುವಿನದು. ವಿಷವಿಕ್ಕಿ, ಆಯುಧ ಹಿಡಿದು ಕೊಲ್ಲುವುದು, ಪರಸ್ತ್ರೀಯ ಮೇಲೆ ಕೈಹಾಕುವುದು, ಒಟ್ಟಿನಲ್ಲಿ ಪ್ರಾಣಕ್ಕೆ ಎರವಾಗುವುದೆಲ್ಲ ‘ಉತ್ತಮ’. ಇಲ್ಲಿ ಉತ್ತಮವೆಂದರೆ ಒಳ್ಳೆಯದಲ್ಲ; ಮೇಲಿನ ಮೆಟ್ಟಿಲಿನದು ಎಂದಷ್ಟೇ ಅರ್ಥ. ಮನು ಈ ಮೂರು ದರ್ಜೆಗಳಿಗೆ 250, 500 ಮತ್ತು 1000 ಪಣಗಳ ದಂಡ ಗೊತ್ತುಮಾಡುತ್ತಾನೆ. ಬರಬರುತ್ತ ಈ ಹೆಸರುಗಳು ದಂಡದ ಮೊತ್ತಕ್ಕೇ ನಿಂತುಬಿಟ್ಟವು. ಚಿಕಿತ್ಸೆಯಿಂದ ಪ್ರಾಣಾಪಾಯವಿದೆಯೆಂದು ಮೊದಲೇ ತಿಳಿಸದೆ ವೈದ್ಯನು ಚಿಕಿತ್ಸೆ ನಡೆಸಿ ರೋಗಿ ಸತ್ತರೆ ವೈದ್ಯನಿಗೆ ಪ್ರಥಮ ಸಾಹಸದ ದಂಡ, ಅವನ ಕೈಯ ತಪ್ಪಿನಿಂದಲೇ ಸತ್ತರೆ ಮಧ್ಯಮ ಸಾಹಸದ ದಂಡ ಎನ್ನುತ್ತದೆ ಅರ್ಥಶಾಸ್ತ್ರ. ನಮ್ಮ ಬಳಗದಲ್ಲಿ ವೈದ್ಯರಾಗಿರುವವರು ಇದನ್ನು ಗಮನಿಸಬೇಕಾಗಿ ಕೋರಿಕೆ.

ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಕನ್ನಡ ನೆಲದಲ್ಲಿಯೇ ಹುಟ್ಟಿದ ಮಿತಾಕ್ಷರಾ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076ರಿಂದ 1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಆಸ್ತಿಯ ಪಾಲುಪಟ್ಟಿಯ ಮೊಕದ್ದಮೆಗಳಲ್ಲಿ ಇದರ ಹೆಸರು ಕೇಳಿದವರು ಬಹಳ. ಸಾಹಸ ಪ್ರಕರಣವೂ ಅದರಲ್ಲಿದೆಯೆಂಬುದು ಅನೇಕರಿಗೆ ತಿಳಿಯದು. ಬಲಾತ್ಕಾರದಿಂದ ಪರರ ವಸ್ತುವನ್ನು ಕಸಿದವನಿಗೆ ಅದರ ಬೆಲೆಯ ಎರಡರಷ್ಟು ದಂಡ. ಮಾಡಿ ಇಲ್ಲವೆಂದರೆ ನಾಲ್ಕರಷ್ಟು. ತಾನು ದೂರ ನಿಂತು ಬೇರೆಯವನಿಂದ ಸಾಹಸ ಮಾಡಿಸಿದವನಿಗೆ, ಮಾಡಿದವನಿಗಿಂತ ಇಮ್ಮಡಿ. “ನೀನು ಮಾಡು, ಬೇಕಾದ ಹಣ ನಾನು ಕೊಡುತ್ತೇನೆ” ಎಂದು ಮುಂದಕ್ಕೆ ದೂಡಿದವನಿಗೆ ನಾಲ್ಮಡಿ! ಒಂಬೈನೂರು ವರ್ಷಗಳ ಹಿಂದೆ ಈಗಿನ ಬಸವಕಲ್ಯಾಣದಲ್ಲಿ ಪಂಡಿತನೊಬ್ಬನು ಕುಳಿತು ವಿವರಿಸಿದ ಈ ಕಟ್ಟಳೆಯನ್ನು ಓದುವಾಗ, ಹುಡುಗರನ್ನು ಬೀದಿಗೆ ಬಿಟ್ಟು ತಾವು ಮನೆಯೊಳಗಿರುವ ದೊಡ್ಡ ಮನುಷ್ಯರ ನೆನಪಾಗದಿರದು.

ಹಾಗಾದರೆ ಇಂಥ ಪದ ಬಿರುದಾದದ್ದು ಹೇಗೆ?

ಅದಕ್ಕೆ ರಾಜರೂ ಕಥೆಗಾರರೂ ಕಾರಣ. ವಿಕ್ರಮಾದಿತ್ಯನಿಗೆ ‘ಸಾಹಸಾಂಕ’ನೆಂಬ ಹೆಸರು ಸಂಸ್ಕೃತ ಪರಂಪರೆಯಲ್ಲಿ ರೂಢಿಯಾಗಿತ್ತು. ನಡುರಾತ್ರಿ ಸ್ಮಶಾನಕ್ಕೆ ಒಂಟಿಯಾಗಿ ಹೋಗಿ, ಹೆಣವನ್ನು ಹೆಗಲಿಗೇರಿಸಿ, ಬೇತಾಳನ ಪ್ರಶ್ನೆಗೆ ಉತ್ತರ ಹೇಳಿ ಮತ್ತೆ ಮರದ ಬುಡಕ್ಕೆ ಹಿಂದಿರುಗುವ ಅರಸನ ಕಥೆಯನ್ನು ನಾವೆಲ್ಲ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದವರು. ಆ ಕಥೆಗಳಲ್ಲೊಂದು ವೀರವರನದು. ಅರಸನ ಆಯುಷ್ಯ ಉಳಿಸಲೆಂದು ಸೇವಕ ವೀರವರನು ದೇವಿಗೆ ಮಗನ ತಲೆಯನ್ನು ಕೊಡುತ್ತಾನೆ, ತನ್ನದನ್ನೂ ಕೊಡುತ್ತಾನೆ. ಮರೆಯಲ್ಲಿ ನಿಂತು ಕಂಡ ಅರಸ ಶೂದ್ರಕನು ತಾನೂ ಕತ್ತಿಯನ್ನು ಕೊರಳಿಗಿಡುತ್ತಾನೆ. ಇವರಲ್ಲಿ ಮಿಗಿಲಾದವನು ಯಾರೆಂದು ಬೇತಾಳನು ಕೇಳಿದರೆ ವಿಕ್ರಮನ ಉತ್ತರ: ಅರಸನು. ಸೋಮದೇವನ ಕಥಾಸರಿತ್ಸಾಗರ ಕೊಡುವ ಕಾರಣ ಗಮನಿಸತಕ್ಕದ್ದು. ಅರಸರು ಸೇವಕರ ಪ್ರಾಣವನ್ನು ತೆತ್ತು ತಮ್ಮ ಪ್ರಾಣ ಉಳಿಸಿಕೊಳ್ಳುವುದು ಲೋಕದ ನಡೆ. ಈತನು ಸೇವಕನಿಗಾಗಿ ತನ್ನ ಪ್ರಾಣ ಕೊಡಲು ಹೊರಟನು. ಶಾಸ್ತ್ರಕಾರರು ದಂಡ ವಿಧಿಸಿದ ಸಾಹಸದಲ್ಲಿ ಪೆಟ್ಟು ಬೀಳುವುದು ಪರರ ಮೈಮೇಲೆ. ಕಥೆಗಾರರು ಹೊಗಳಿದ ಸಾಹಸದಲ್ಲಿ ಕತ್ತಿ ತನ್ನ ಕೊರಳ ಮೇಲೆಯೇ ಇರುತ್ತದೆ. ಪದ ಒಂದೇ, ನೋವುಣ್ಣುವವನು ಬೇರೆ. ನ್ಯಾಯವಾದಿಗಳಿಗೆ ನಾನು ಕೊಡುವ ಉತ್ತರ ಇಷ್ಟೆ.

ಅರಸರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತೆಂಬುದಕ್ಕೆ ನಮ್ಮ ರಾಷ್ಟ್ರಕೂಟರ ತಾಮ್ರಪಟಗಳೇ ಸಾಕ್ಷಿ. ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ದೊರೆ ನಾಲ್ಕನೆಯ ಗೋವಿಂದನಿಗೆ ‘ಸಾಹಸಾಂಕ’ ಎಂಬ ಬಿರುದಿತ್ತು. 930ರ ಖಂಭಾತಿನ ಪಟವೂ 933ರ ಸಾಂಗ್ಲಿಯ ಪಟವೂ ಒಂದು ವಿಚಿತ್ರವಾದ ಹೊಗಳಿಕೆ ಮಾಡುತ್ತವೆ. ಇವನು ಶಕ್ತಿಯಿದ್ದರೂ ಅಣ್ಣನ ವಿಷಯದಲ್ಲಿ ಕ್ರೌರ್ಯ ತೋರಲಿಲ್ಲ, ಬಂಧುಗಳ ಹೆಂಡಿರನ್ನು ಕೂಡಿ ಅಪಕೀರ್ತಿ ಗಳಿಸಲಿಲ್ಲ, ತ್ಯಾಗದಿಂದಲೂ ಸಾಟಿಯಿಲ್ಲದ ಸಾಹಸಗಳಿಂದಲೂ ಸಾಹಸಾಂಕನಾದನು ಎಂಬುದು ಅದರ ಭಾವ. ಹೊಗಳುವುದಕ್ಕೆ ಕುಳಿತವನು ಮಾಡದಿದ್ದ ಪಾಪಗಳ ಪಟ್ಟಿಯನ್ನೇಕೆ ಕೊಡಬೇಕು? ಗುಪ್ತವಂಶದ ಎರಡನೆಯ ಚಂದ್ರಗುಪ್ತ ವಿಕ್ರಮಾದಿತ್ಯನ ವಿಷಯದಲ್ಲಿ ಒಂದು ಕಥೆಯಿತ್ತು. ಅಣ್ಣ ರಾಮಗುಪ್ತನು ತನ್ನ ರಾಣಿ ಧ್ರುವದೇವಿಯನ್ನು ಶಕರಾಜನಿಗೆ ಒಪ್ಪಿಸಲು ಹೊರಟಾಗ, ಚಂದ್ರಗುಪ್ತನು ಹೆಣ್ಣಿನ ವೇಷದಲ್ಲಿ ಹೋಗಿ ಶಕನನ್ನು ಕೊಂದನು; ಆಮೇಲೆ ಅಣ್ಣನ ಸಿಂಹಾಸನವೂ ಹೆಂಡತಿಯೂ ಅವನವಾದವು. ವಿಶಾಖದತ್ತನ ‘ದೇವೀಚಂದ್ರಗುಪ್ತ’ ನಾಟಕದ ಉಳಿದ ತುಣುಕುಗಳಿಂದ ಇದರ ಎಳೆ ತಿಳಿಯುತ್ತದೆ. ಅಣ್ಣನನ್ನು ಕೊಂದು ರಾಜ್ಯವನ್ನೂ ಅವನ ರಾಣಿಯನ್ನೂ ತೆಗೆದುಕೊಂಡ ಗುಪ್ತದೊರೆಯೊಬ್ಬನನ್ನು ಅಮೋಘವರ್ಷನ 871ರ ಸಂಜಾನ್ ತಾಮ್ರಪಟವೂ ಚುಚ್ಚಿ ಮಾತನಾಡುತ್ತದೆ. ಗೋವಿಂದನ ಕವಿ ಹೇಳುತ್ತಿರುವುದು ಇದನ್ನೇ: ಸಾಹಸದ ಒಳ್ಳೆಯ ಭಾಗ ಮಾತ್ರ ನಮ್ಮ ದೊರೆಯದು, ಕೆಟ್ಟ ಭಾಗ ಆ ಗುಪ್ತರ ದೊರೆಯದು. ವಿಪರ್ಯಾಸವೆಂದರೆ ಗೋವಿಂದನು ಪಟ್ಟವೇರಿದ್ದೂ ಅಣ್ಣ ಎರಡನೆಯ ಅಮೋಘವರ್ಷನ ಅತ್ಯಲ್ಪಕಾಲದ ಆಳ್ವಿಕೆಯ ಬಳಿಕ. ಅಣ್ಣನಿಂದ ರಾಜ್ಯವನ್ನು ಕಸಿದನೆಂಬ ಸಂಶಯ ಇತಿಹಾಸಕಾರರಿಗಿದೆ. ಕೇಳದೆಯೇ “ನಾನು ಮಾಡಲಿಲ್ಲ” ಎನ್ನುವ ಹುಡುಗನನ್ನು ತರಗತಿಯಲ್ಲಿ ಕಂಡ ಯಾವ ಮೇಷ್ಟರಿಗೂ ಈ ತಾಮ್ರಪಟ ಸುಲಭವಾಗಿ ಅರ್ಥವಾಗುತ್ತದೆ. ವಿಜ್ಞಾನೇಶ್ವರನ ಆಶ್ರಯದಾತನಾದ ಆರನೆಯ ವಿಕ್ರಮಾದಿತ್ಯನೂ 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿಯೇ ಸಿಂಹಾಸನವೇರಿದವನು. ಅದನ್ನು ನ್ಯಾಯವೆಂದು ತೋರಿಸಲು ಕಾಶ್ಮೀರದಿಂದ ಬಂದ ಬಿಲ್ಹಣನು ಮಹಾಕಾವ್ಯದಲ್ಲಿ ಪಟ್ಟ ಪಾಡು ಸಣ್ಣದಲ್ಲ.

ಈಗ ಸಾಹಿತ್ಯಕ್ಕೆ ಬರುತ್ತೇನೆ. ಭಾರವಿಯ ಕಿರಾತಾರ್ಜುನೀಯದ ಎರಡನೆಯ ಸರ್ಗದಲ್ಲಿ ಭೀಮನು ಈಗಲೇ ಯುದ್ಧಕ್ಕೆ ಹೊರಡೋಣವೆಂದು ಹಟ ಹಿಡಿಯುತ್ತಾನೆ. ಯಾವುದನ್ನೂ ‘ಸಹಸಾ’ ಮಾಡಬಾರದೆಂದು ಧರ್ಮರಾಜನು ತಮ್ಮನಿಗೆ ಹೇಳುವ ಪ್ರಸಿದ್ಧ ಶ್ಲೋಕ ಬರುವುದು ಅಲ್ಲಿಯೇ. ಕಾಳಿದಾಸ ಭಾರವಿಗಳ ಹೆಸರನ್ನು ಒಟ್ಟಿಗೆ ಹೇಳುವ 634ರ ಐಹೊಳೆಯ ರವಿಕೀರ್ತಿಯ ಶಾಸನ ನಿಮಗೆ ನೆನಪಿರಬಹುದು. ಅಂದರೆ ಭಾರವಿಯ ಕೀರ್ತಿ ಅಷ್ಟರಲ್ಲಾಗಲೇ ನಮ್ಮ ನಾಡಿಗೆ ಬಂದಿತ್ತು. ಮುಂದೆ ಸುಮಾರು ಮೂರೂವರೆ ಶತಮಾನಗಳು ಕಳೆದ ಮೇಲೆ ಮುಧೋಳದ ಬಳೆಗಾರರ ಮನೆಯ ಮಗ ರನ್ನನು ಗದಾಯುದ್ಧವನ್ನು ಬರೆದನು. ಆ ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮವಿಜಯಂ’. ‘ಸಾಹಸಭೀಮ’ ಎಂಬುದು ರನ್ನನ ಆಶ್ರಯದಾತ, ಚಾಲುಕ್ಯ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನ ಬಿರುದು. ‘ಸಹಸಾ’ ಮಾಡಬೇಡವೆಂದು ಅಣ್ಣನಿಂದ ಬೈಸಿಕೊಂಡ ಅದೇ ಭೀಮ ಕನ್ನಡದಲ್ಲಿ ಸಾಹಸಕ್ಕಾಗಿಯೇ ಪಟ್ಟಗಟ್ಟಿಸಿಕೊಂಡನು!

ಆದರೂ ರನ್ನನು ನಮ್ಮನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ಸೊಂಟದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮನು ದುರ್ಯೋಧನನ ತೊಡೆಗೆ ಹೊಡೆದೇ ಗೆಲ್ಲುತ್ತಾನೆ. ದ್ರೌಪದಿಯ ಅವಮಾನವನ್ನು ನೆನೆದವರಿಗೆ ಅದು ತೀರಲೇಬೇಕಾಗಿದ್ದ ಪ್ರತಿಜ್ಞೆ. ಬಲರಾಮನಿಗೆ ಅದು ಶುದ್ಧ ಅನ್ಯಾಯ. ನಾರದಸ್ಮೃತಿಯ ಅಳತೆಗೋಲು ಹಿಡಿದರೆ, ಕಾವ್ಯದ ಶಿಖರದಲ್ಲಿರುವ ಆ ಒಂದು ಪೆಟ್ಟು ಹಳೆಯ ಅರ್ಥದ ಸಾಹಸವೂ ಹೌದು, ಹೊಸ ಅರ್ಥದ ಸಾಹಸವೂ ಹೌದು. ಹೆಸರು ಭೀಮನದಾದರೂ ಓದುಗರ ಕಣ್ಣೀರು ದುರ್ಯೋಧನನ ಕಡೆಗೆ ಹರಿಯುವುದು ಸುಮ್ಮನೆ ಅಲ್ಲವೆಂದು ನಾನು ಎಣಿಸಿದ್ದೇನೆ. ಹತ್ತನೆಯ ತರಗತಿಗೆ ಪಾಠ ಹೇಳುವಾಗ ಇಷ್ಟೆಲ್ಲ ಹೇಳಲು ಅವಧಿ ಸಾಲುತ್ತಿರಲಿಲ್ಲ.

ಸಾಹಸಭೀಮ ಸತ್ಯಾಶ್ರಯನ ಕಾಲದಲ್ಲಿಯೇ ಚೋಳರ ದಂಡು ಚಾಲುಕ್ಯ ಸೀಮೆಗೆ ನುಗ್ಗಿತು. ಚೋಳಸೈನ್ಯ ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದೂ ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದನೆಂದೂ ಧಾರವಾಡ ಸೀಮೆಯ ಹೊಟ್ಟೂರಿನ 1007ರ ಶಾಸನ ಹೇಳುತ್ತದೆ. ತಂಜಾವೂರಿನ ದೊಡ್ಡ ಗುಡಿಯ ಶಾಸನದಲ್ಲಿ ಬೇರೆಯ ಚಿತ್ರ: ಸತ್ಯಾಶ್ರಯನನ್ನು ಗೆದ್ದು ಹಿಂದಿರುಗಿದ ರಾಜರಾಜನು ದೇವರ ಪಾದಕ್ಕೆ ಚಿನ್ನದ ಹೂಗಳನ್ನು ಅರ್ಪಿಸಿದನೆಂದು ಅಲ್ಲಿದೆ. ಒಂದೇ ಯುದ್ಧವನ್ನು ಎರಡು ಕಲ್ಲುಗಳು ಹೀಗೆ ನೆನೆಯುತ್ತವೆ. ಹೊಟ್ಟೂರಿನ ಕಡೆಯಿಂದ ನೋಡಿದರೆ ಸ್ಮೃತಿಕಾರರ ಮೂರೂ ದರ್ಜೆಯ ಸಾಹಸಗಳು, ಬೆಳೆಯ ನಾಶದಿಂದ ಕೊಲೆಯವರೆಗೆ, ಅಲ್ಲಿ ನಡೆದುಹೋಗಿವೆ. ಗೆದ್ದ ಅರಸನನ್ನು 1000 ಪಣದ ದಂಡ ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಅರಸರನ್ನು ಬಿಟ್ಟು ನಮ್ಮ ಹಳ್ಳಿಗಳ ವೀರಗಲ್ಲುಗಳ ಮುಂದೆ ನಿಂತರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅವುಗಳಲ್ಲಿ ತುರುಗೋಳಿನ ಕಲ್ಲುಗಳು ಹೇರಳ. ಒಂದೂರಿನ ದನಗಳನ್ನು ಇನ್ನೊಂದು ಕಡೆಯವರು ಹಗಲಿನಲ್ಲೇ ಹೊಡೆದುಕೊಂಡು ಹೋಗುವುದು ತುರುಗೋಳು. ಅವರನ್ನು ಬೆನ್ನಟ್ಟಿ, ದನಗಳನ್ನು ಮರಳಿಸಿ, ಆ ಹೋರಾಟದಲ್ಲಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ಕಾದಾಟ ಮತ್ತು ದನಗಳು, ನಡುವೆ ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗದ ಮುಂದೋ ಜಿನಬಿಂಬದ ಮುಂದೋ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಒಡೆಯರ ಎದುರಿಗೇ ಬಲದಿಂದ ದನ ಒಯ್ದವರದು ಕೌಟಿಲ್ಯನು ಹೇಳಿದ ಸಾಹಸ. ಹಟ್ಟಿಯ ದನಗಳಿಗಾಗಿ ಅವರ ಹಿಂದೆ ಓಡಿದವನದು ನಾವು ಹೇಳುವ ಸಾಹಸ. ಕಲ್ಲು ನಿಂತಿರುವುದು ಎರಡನೆಯವನಿಗೆ, ಅವನ ಹೆಸರಿನಲ್ಲಿ.

ನಮ್ಮ ಮನೆತನದವರಿಗೆ ತಿಳಿದಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ, ಕಿರಿಯರು ಕೇಳಿರಲಾರರು. 1959ರ ಬೇಸಗೆಯಲ್ಲಿ ಹಿತ್ತಿಲ ಹಳೆಯ ಬಾವಿಯ ಹೂಳೆತ್ತಲು ಇಳಿದ ಆಳು ಕೆಟ್ಟ ಗಾಳಿಗೆ ಸಿಕ್ಕಿ ತಳದಲ್ಲಿ ಕುಸಿದುಬಿದ್ದನು. ಮೇಲಿದ್ದವರು ಕೂಗಾಡುತ್ತಿರುವಾಗಲೇ ನನ್ನ ಚಿಕ್ಕಪ್ಪ ಹಗ್ಗ ಹಿಡಿದು ಇಳಿದರು, ಅವನ ಕಂಕುಳಿಗೆ ಹಗ್ಗ ಬಿಗಿದರು, ಎಳೆಯಿರೆಂದು ಸನ್ನೆ ಕೊಟ್ಟರು. ಆಳು ಮೇಲೆ ಬಂದು ಉಸಿರಾಡಿದನು. ಹಗ್ಗವನ್ನು ಮತ್ತೆ ಇಳಿಸುವಷ್ಟರಲ್ಲಿ ಚಿಕ್ಕಪ್ಪನಿಗೆ ಅದನ್ನು ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಅವರಿಗೆ ಆಗ 26 ವರ್ಷ. ನನಗೆ ಹನ್ನೊಂದು. ಸೂತಕದ ದಿನಗಳಲ್ಲಿ ಜಗಲಿಯಲ್ಲಿ ಕುಳಿತ ಹಿರಿಯರು, ಮೊದಲು ಲಾಟೀನು ಇಳಿಸಿ ನೋಡಬೇಕಿತ್ತು, ದೀಪ ಆರಿದರೆ ಇಳಿಯಬಾರದೆಂದು ಎಲ್ಲರಿಗೂ ಗೊತ್ತಲ್ಲ, ಸುಮ್ಮನೆ ಸಾಹಸ ಮಾಡಿಬಿಟ್ಟ ಎಂದು ಮಾತಾಡಿಕೊಳ್ಳುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಳಗಿನಿಂದ ಅದನ್ನು ಕೇಳಿದ ಅಜ್ಜಿ ಹೊಸ್ತಿಲಿಗೆ ಬಂದು, “ಲಾಟೀನು ಹುಡುಕುವಷ್ಟು ಹೊತ್ತು ಕೆಳಗಿದ್ದವನಿಗೆ ಇರಲಿಲ್ಲ” ಎಂದಷ್ಟೇ ಹೇಳಿ ಒಳಹೋದಳು. ಆ ಆಳು ತಾನು ತೀರಿಕೊಳ್ಳುವವರೆಗೂ, ಚಿಕ್ಕಪ್ಪನ ಶ್ರಾದ್ಧದ ಹಿಂದಿನ ದಿನ ಒಂದು ಕಟ್ಟು ಬಾಳೆಯೆಲೆ ತಂದು ಜಗಲಿಯ ತುದಿಯಲ್ಲಿಟ್ಟು, ಯಾರನ್ನೂ ಕರೆಯದೆ ಹೋಗುತ್ತಿದ್ದನು. ಸ್ಮೃತಿಗಳ ‘ಸಹಸಾ’ ಎಂಬ ಪದವನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಜಗಲಿಯ ಮಾತು. ವಿಕ್ರಮನ ಉತ್ತರವನ್ನು ಓದಿದಾಗ ನೆನಪಾದದ್ದು ಹೊಸ್ತಿಲಿನ ಮಾತು.

ಹೆಂಗಸರ ವಿಷಯ ಬಿಟ್ಟರೆ ಈ ಬರೆಹ ಅರ್ಧವಾದೀತು. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಿರುವ ನೀತಿಶ್ಲೋಕಗಳಲ್ಲಿ ಒಂದು, ಗಂಡಸಿಗಿಂತ ಹೆಂಗಸಿಗೆ ಸಾಹಸ ಆರು ಪಟ್ಟು ಎಂದು ಲೆಕ್ಕ ಹಾಕುತ್ತದೆ. ಹೊಗಳಿಕೆಯೆಂದು ಹಿಗ್ಗಬೇಡಿ, ಇನ್ನೊಂದು ಶ್ಲೋಕ ಸುಳ್ಳು, ಕಪಟಗಳ ಜೊತೆಗೆ ಸಾಹಸವನ್ನೂ ಹೆಣ್ಣಿನ ಹುಟ್ಟುದೋಷಗಳ ಪಟ್ಟಿಯಲ್ಲಿ ಸೇರಿಸಿಬಿಟ್ಟಿದೆ. ಅರಸನಿಗೆ ಬಿರುದಾದ ಪದ ಅವನ ರಾಣಿಗೆ ದೋಷ! ನಮ್ಮ ‘ದಿಟ್ಟ’ ಪದದ ಗತಿಯೂ ಹೀಗೆಯೇ. ಅದು ಸಂಸ್ಕೃತದ ‘ಧೃಷ್ಟ’ ಎಂಬುದರ ತದ್ಭವ. ಅಲಂಕಾರಶಾಸ್ತ್ರದಲ್ಲಿ ಧೃಷ್ಟನಾಯಕನೆಂದರೆ ತಪ್ಪು ಮಾಡಿಯೂ ನಾಚದೆ ಎದುರಿಗೆ ನಿಲ್ಲುವ ಗಂಡ. ಆ ನಾಚಿಕೆಗೇಡಿತನ ತೊಳೆದುಹೋಗಿ, ಎದುರಿಗೆ ನಿಲ್ಲುವ ಗುಣ ಮಾತ್ರ ಕನ್ನಡದ ದಿಟ್ಟನಲ್ಲಿ ಉಳಿದಿದೆ. ಆದರೂ “ದಿಟ್ಟ ಹುಡುಗ” ಎಂದಾಗಿನ ದನಿಗೂ “ಬಲು ದಿಟ್ಟ ಹುಡುಗಿ” ಎಂದಾಗಿನ ದನಿಗೂ ಇರುವ ವ್ಯತ್ಯಾಸವನ್ನು ಶಿಕ್ಷಕರ ಕೊಠಡಿಯಲ್ಲಿ ಮೂವತ್ತನಾಲ್ಕು ವರ್ಷ ಕೇಳಿದ್ದೇನೆ. ಅಚ್ಚಗನ್ನಡದ ‘ಕೆಚ್ಚು’ ಇವೆರಡಕ್ಕಿಂತ ನಿಷ್ಕಳಂಕವಾದ ಪದ. ಕೆಚ್ಚೆಂದರೆ ಮರದ ಒಳಗಿನ ಗಟ್ಟಿಭಾಗ, ಬಡಗಿ ಕಂಬಕ್ಕೂ ಬಾಗಿಲಿಗೂ ಹುಡುಕುವಂಥದು. ಅದು ಎದೆಯಲ್ಲಿದ್ದರೆ ಕೆಚ್ಚೆದೆ. ಗಂಡುಹೆಣ್ಣೆಂಬ ಭೇದ ಮರಕ್ಕೆ ತಿಳಿಯದಾದ್ದರಿಂದಲೋ ಏನೋ, ಈ ಪದದಲ್ಲಿಯೂ ಅದು ಬಂದಿಲ್ಲ.

ಕೊನೆಯದಾಗಿ ಆಡುಮಾತಿನ ಒಂದು ಬಳಕೆ. ನಮ್ಮ ಕಡೆ ಹಿರಿಯರು “ಎಷ್ಟು ಸಾಹಸಪಟ್ಟು ಮಕ್ಕಳನ್ನು ಓದಿಸಿದಳು” ಎನ್ನುತ್ತಾರೆ. ಅಲ್ಲಿ ಬೆಟ್ಟ ಹತ್ತಿದ್ದಿಲ್ಲ, ಹುಲಿ ಹೊಡೆದದ್ದಿಲ್ಲ. ಬೆಳಗಿನ ಜಾವ ಎದ್ದು ಹಾಲು ಕರೆದು ಮಾರಿದ್ದು, ಒಂದೇ ಸೀರೆಯನ್ನು ಒಗೆದು ಒಗೆದು ಉಟ್ಟದ್ದು, ಶುಲ್ಕಕ್ಕೆ ಗಡುವು ಕೇಳಲು ಶಾಲೆಯ ಬಾಗಿಲಲ್ಲಿ ನಿಂತದ್ದು, ಇಷ್ಟೆ. ‘ಸಹ್’ ಧಾತುವಿನ ಎರಡನೆಯ ಅರ್ಥ, ತಾಳಿಕೊಳ್ಳುವುದು, ನಿಘಂಟು ನೋಡದವರ ಬಾಯಲ್ಲಿ ಹೀಗೆ ಜೀವಂತವಾಗಿದೆ. ಈ ‘ಸಾಹಸಪಡು’ ನಿಮ್ಮ ಊರುಗಳಲ್ಲಿಯೂ ಬಳಕೆಯಲ್ಲಿದೆಯೇ, ಬೇರೆ ಅರ್ಥವೇನಾದರೂ ಇದೆಯೇ ಎಂಬುದನ್ನು ತಿಳಿಸಿದರೆ ಉಪಕಾರವಾದೀತು. ಉತ್ತರ ಕರ್ನಾಟಕಕ್ಕೂ ಕರಾವಳಿಗೂ ಮದುವೆಯಾಗಿ ಹೋಗಿರುವ ನನ್ನ ವಿದ್ಯಾರ್ಥಿನಿಯರಿಂದ ವಿಶೇಷವಾಗಿ ಉತ್ತರ ನಿರೀಕ್ಷಿಸುತ್ತೇನೆ.